ಇಲ್ಲ, ಐದು ವರ್ಷ ಕಾಯಬೇಕಾಯಿತು

1960ರಲ್ಲಿ ಸ್ವಾತಂತ್ರ್ಯ ಬಂದ ಕೂಡಲೇ ನೈಜೀರಿಯಾದವರೇ ಸೇನಾ ಮುಖ್ಯಸ್ಥರಾದರಾ ಅಂತ ಕೇಳಿದ್ದೀರಿ. ಇಲ್ಲ. 1965ರವರೆಗೆ ಆ ಹುದ್ದೆಯಲ್ಲಿ ಬ್ರಿಟಿಷರೇ ಇದ್ದರು. ಆಮೇಲೆ ಬಂದವರು ಜಾನ್ಸನ್ ಅಗುಯಿ-ಇರಾನ್ಸಿ. 1942ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಅಧಿಕಾರಿಯಾಗಲು ಏಳು ವರ್ಷ ಹಿಡಿಯಿತು. 1964ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪಡೆಯನ್ನೇ ಮುನ್ನಡೆಸಿದರು. ಸುಮ್ನೆ ಸಿಕ್ಕ ಹುದ್ದೆ ಅಲ್ಲ, ಅಲ್ವಾ?

ಆದರೆ ಮುಖ್ಯಸ್ಥರಾಗಿ ವರ್ಷ ತುಂಬುವ ಮೊದಲೇ, 1966ರ ಜನವರಿಯಲ್ಲಿ, ಕಿರಿಯ ಅಧಿಕಾರಿಗಳು ದಂಗೆ ಎದ್ದರು. ಪ್ರಧಾನಿ ಬಲೇವಾ ಕೊಲೆಯಾದರು. ದಂಗೆ ಅಡಗಿಸಿದ ಇರಾನ್ಸಿ ಕೈಗೆ ದೇಶವೇ ಬಂತು. ಬರೀ ಆರು ತಿಂಗಳು. ಜುಲೈ 29ರಂದು ಇಬಾದಾನ್‌ನಲ್ಲಿ ಅವರದೇ ಸೇನೆಯವರು ಅವರನ್ನು ಕೊಂದರು. ಅಲ್ಲಿ ಅವರಿಗೆ ಆತಿಥ್ಯ ನೀಡಿದ್ದ ಲೆಫ್ಟಿನೆಂಟ್ ಕರ್ನಲ್ ಫಾಜುಯಿ ಅವರನ್ನೂ ಬಿಡಲಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಆ ಎರಡನೇ ಸಾವು.