ಹೊಸದಾಗಿ ಗೊಬ್ಬರ ಹೊಡೆಸಿದ ಹಿತ್ತಲಿಗೆ ಕ್ಯಾರೆಟ್ ಬೇಡ, ಮೊದಲು ಬಳ್ಳಿ ಹಾಕಿ

ಅಕ್ಕ, ಬೀಜ ಇನ್ನೂ ಹಾಕಿಲ್ಲ ಅಂದ್ರೆ ದಯವಿಟ್ಟು ನಿಲ್ಲಿಸಿ. ನಿಮ್ಮ ಪೋಸ್ಟಲ್ಲಿ "ಹೋದ ವಾರ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹೊಡೆಸಿದೀನಿ, ಮಳೆ ಬಿದ್ದಿದೆ, ನಾಳೆ ಕ್ಯಾರೆಟ್, ಮೂಲಂಗಿ, ಬೀನ್ಸ್ ಹಾಕ್ತೀನಿ" ಅಂತ ಬರೆದಿದೀರ. ಫೋಟೋ ದೊಡ್ಡದು ಮಾಡಿ ನೋಡಿದೆ. ಸಗಣಿ ಇನ್ನೂ ಹೆಂಟೆ ಹೆಂಟೆಯಾಗಿದೆ, ಹುಲ್ಲಿನ ಎಳೆ ಹಾಗೇ ಕಾಣ್ತಿದೆ. ಅದು ಕಳಿತಿಲ್ಲ. ಕೆಳಗೆ ಸುಮಾರು ಜನ "ಸೂಪರ್, ಹಾಕಿ ಹಾಕಿ" ಅಂದಿದಾರೆ. ಫೋಟೋನೂ ಸರಿಯಾಗಿ ನೋಡದೆ ಹಾಗೆ ಹೇಳೋದು ತಪ್ಪು. ನೀವು ಆರಿಸಿರೋ ಮೂರೂ ಈ ಮಣ್ಣಿಗೆ ಒಗ್ಗದವೇ.

ನಮ್ಮ ಹಿತ್ತಲಲ್ಲಿ ಹೀಗೇ ಹಾಕಿದ್ದಾಗ ಕ್ಯಾರೆಟ್ ಸೊಪ್ಪು ಸೊಗಸಾಗಿ ಬಂತು. ಕಿತ್ತು ನೋಡಿದ್ರೆ ಒಂದೊಂದಕ್ಕೂ ಎರಡು ಮೂರು ಕಾಲು, ಮೈತುಂಬ ಸಣ್ಣ ಬೇರು, ಮಧ್ಯೆ ಹುಳ ಕೊರೆದ ತೂತು. ತಾಯಿಬೇರಿನ ತುದಿ ಹಸಿ ಹೆಂಟೆಗೆ ತಾಗಿ ಸುಟ್ಟರೆ ಪಕ್ಕದಿಂದ ಕವಲು ಒಡೆಯತ್ತೆ, ಆಮೇಲೆ ಏನು ಮಾಡಿದ್ರೂ ನೆಟ್ಟಗಾಗಲ್ಲ. ಬೀನ್ಸ್ ತನ್ನ ಸಾರಜನಕನ ಬೇರಿನ ಗಂಟಲ್ಲೇ ಮಾಡ್ಕೊಳತ್ತೆ. ಮಣ್ಣಲ್ಲಿ ಧಾರಾಳ ಸಿಕ್ಕರೆ ಗಂಟು ಕಟ್ಟೋದೂ ಕಮ್ಮಿ, ಹೂವೂ ತಡ, ಬರೀ ಎಲೆ. ಟೊಮೆಟೊನೂ ಸೊಕ್ಕತ್ತೆ. ಆಲೂಗಡ್ಡೆ ಅಂತೂ ಬೇಡವೇ ಬೇಡ, ಕಜ್ಜಿ ರೋಗ ಬರತ್ತೆ.

ಈಗ ಬಳ್ಳಿ ಹಾಕಿ. ಹೀರೆ, ಸೋರೆ, ಸಿಹಿಗುಂಬಳ, ಬೂದುಗುಂಬಳ. ತಿಪ್ಪೆ ಅಂಚಲ್ಲಿ ತಾನಾಗೇ ಹುಟ್ಟಿದ ಕುಂಬಳ ಹೇಗೆ ಹಬ್ಬತ್ತೆ ಅಂತ ನೋಡಿರ್ತೀರಲ್ಲ. ಹರಡಿರೋ ಗೊಬ್ಬರನ ಗುದ್ದಲಿಯಲ್ಲಿ ಒಂದು ಕಡೆ ಎಳ್ಕೊಳಿ. ಒಂದೂವರೆ ಅಡಿ ಗುಂಡಿ ತೆಗೆದು ಅದರಲ್ಲಿ ಅರ್ಧ ಗುಂಡಿ ತುಂಬಿ ತುಳೀರಿ, ಮೇಲೆ ಒಂದು ಗೇಣು ನಿಮ್ಮ ಹಳೇ ಮಣ್ಣು, ಆಮೇಲೆ ನೀರು. ಎರಡು ವಾರ ಬಿಟ್ಟು ಗುಂಡಿಗೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತಾದ ಮೇಲೆ ಎಳೆದು ಮುಟ್ಟಿ ನೋಡಿ. ಬಿಸಿ ಇದ್ರೆ ಅಥವಾ ಮೂಗಿಗೆ ಘಾಟು ಹೊಡೆದ್ರೆ ಇನ್ನೂ ಕಾಯಬೇಕು. ತಣ್ಣಗಾಗಿದ್ರೆ ಬೀಜ ಊರಿ. ಮೊಳಕೆ ಮೇಲಿನ ಮಣ್ಣಲ್ಲೇ ಬೇರು ಬಿಡತ್ತೆ, ಬೇರು ಕೆಳಗೆ ಇಳಿಯೋ ಹೊತ್ತಿಗೆ ಗೊಬ್ಬರ ಹದಕ್ಕೆ ಬಂದಿರತ್ತೆ. ಈ ಗುಂಡಿ ಪದ್ಧತಿ ನನಗೆ ಕೈ ಕೊಟ್ಟಿಲ್ಲ. ಆದ್ರೆ ನೀರು ನಿಲ್ಲೋ ಜಾಗದಲ್ಲಿ ಮಾಡಬೇಡಿ, ಕೊಳೆಯತ್ತೆ. ಸಿಹಿಗುಂಬಳಕ್ಕೆ ಗುಂಡಿಯಿಂದ ಗುಂಡಿಗೆ ಆರೇಳು ಅಡಿ ಬೇಕು. ನಿಮ್ಮದು ಚಿಕ್ಕ ಜಾಗ, ಅದಕ್ಕೆ ಹೀರೆ, ಸೋರೆನ ಚಪ್ಪರಕ್ಕೆ ಹಬ್ಬಿಸೋದೇ ವಾಸಿ. ಸೋರೆ ಬಳ್ಳಿ ಸೊಕ್ಕಿದ್ರೆ ಕುಡಿ ಚಿವುಟಿ, ಪಕ್ಕದ ಕವಲಲ್ಲಿ ಹೆಣ್ಣು ಹೂವು ಜಾಸ್ತಿ ಬರತ್ತೆ.

ಬದನೆ, ಎಲೆಕೋಸು, ಮುಸುಕಿನ ಜೋಳನೂ ಗೊಬ್ಬರ ತಿನ್ನೋವೇ, ಒಂದು ತಿಂಗಳು ಬಿಟ್ಟು ನೆಡಿ. ದಂಟು, ಬಸಳೆನೂ ಆಗತ್ತೆ, ಬೇಯಿಸಿ ತಿಂತೀವಲ್ಲ. ಕೊತ್ತಂಬರಿ, ಸಲಾಡಿಗೆ ಹಸಿಯಾಗಿ ತಿನ್ನೋ ಸೊಪ್ಪು ಮಾತ್ರ ಈ ಮಣ್ಣಲ್ಲಿ ಸದ್ಯಕ್ಕೆ ಬೇಡ. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ ಮಣ್ಣಿಗೆ ತಾಗೋ ಬೆಳೆ ಕೊಯ್ಯೋಕೆ 120 ದಿನ, ತಾಗದೇ ಇರೋದಕ್ಕೆ 90 ದಿನ ಕಾಯಬೇಕು. ಮನೇಲಿ ಮಕ್ಕಳಿದ್ರೆ ಇದನ್ನ ಹಗುರವಾಗಿ ತಗೋಬೇಡಿ.

ಉಳಿದ ಗೊಬ್ಬರ ನೆರಳಲ್ಲಿ ಗುಡ್ಡೆ ಹಾಕಿ, ಹಿಂಡಿದ್ರೆ ನೀರು ತೊಟ್ಟಿಕ್ಕದಷ್ಟು ತೇವ ಇಡಿ, ಆಗಾಗ ತಿರುವಿ. ತಿರುವುವಾಗ ಬಿಳಿ ಮೈ, ಕಂದು ತಲೆ, ಮುಟ್ಟಿದ್ರೆ ಸುರುಳಿ ಸುತ್ತಿಕೊಳ್ಳೋ ದಪ್ಪ ಹುಳ ಸಿಕ್ಕರೆ ಅದೇ ಗೊಣ್ಣೆ ಹುಳ. ಆರಿಸಿ ಕೋಳಿಗೆ ಹಾಕಿ, ಬಿಟ್ಟರೆ ಗಿಡದ ಬೇರು ಕಡಿಯತ್ತೆ. ತುಂಬಾ ಇದ್ರೆ ಮೆಟರೈಜಿಯಂ (ಈ ಹುಳಕ್ಕೆ ರೋಗ ತಂದು ಕೊಲ್ಲೋ ಶಿಲೀಂಧ್ರ) ಪುಡಿ ಬೆರೆಸಿ. ಬೇರು ಕೊಳೆಯೋ ರೋಗ ತಡೆಯೋ ಶಿಲೀಂಧ್ರ ಟ್ರೈಕೋಡರ್ಮಾನೂ ಒಳ್ಳೇದು, ಆದ್ರೆ ಗುಡ್ಡೆ ತಣ್ಣಗಾದ ಮೇಲೆ ಬೆರೆಸಬೇಕು. ಕಾವಲ್ಲಿ ಹಾಕಿದ್ರೆ ಸತ್ತು ಹೋಗತ್ತೆ, ದುಡ್ಡು ದಂಡ. ಪ್ಯಾಕೆಟ್ ಮೇಲೆ ತಯಾರಾದ ತಾರೀಖು ನೋಡಿ, ಅಂಗಡಿ ಮುಂದೆ ಬಿಸಿಲಿಗೆ ಇಟ್ಟಿರೋದು ಬೇಡ. ನಾನು ಸಸಿ ಮಡಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಅನ್ನೋ ಒಳ್ಳೇ ಸೂಕ್ಷ್ಮಜೀವಿಗಳ ಮಿಶ್ರಣ ಬಳಸ್ತೀನಿ, ನಂಬಿಕೆ ಇದೆ. ಬಾಟಲಿಯಲ್ಲಿ ಬರೋ ಕಪ್ಪು "ಬೂಸ್ಟರ್"ಗಳಿಗೆ ಒಂದು ರೂಪಾಯಿನೂ ಕೊಡಬೇಡಿ.

ಇನ್ನೊಬ್ಬರು ಕಾಮೆಂಟಲ್ಲಿ ಕೋಳಿ ಗೊಬ್ಬರನೂ ಸೇರಿಸಿ ಅಂದಿದಾರೆ. ಬೇಡ! ಅದರಲ್ಲಿ ಸಾರಜನಕ ಸಗಣಿ ಗೊಬ್ಬರದ ಹಲವು ಪಟ್ಟು, ಹಸಿಯಾಗಿ ಹಾಕಿದ್ರೆ ಎಳೇ ಗಿಡ ಒಂದೂ ಉಳಿಯಲ್ಲ.

ಬಳ್ಳಿ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಅದೇ ಜಾಗ ಚೆನ್ನಾಗಿ ಅಗೆದು, ಹೊಸ ಗೊಬ್ಬರ ಒಂದು ಹಿಡಿನೂ ಹಾಕದೆ ಕ್ಯಾರೆಟ್, ಮೂಲಂಗಿ ಬಿತ್ತಿ. ಚಳಿಗೆ ಕ್ಯಾರೆಟ್ಟೂ ಸಿಹಿಯಾಗಿರತ್ತೆ. ಅಲ್ಲಿವರೆಗೆ ತಡೆಯಲ್ಲ ಅಂದ್ರೆ ಗ್ರೋ ಬ್ಯಾಗಲ್ಲಿ ಕೆಮ್ಮಣ್ಣು, ಮರಳು, ಚೆನ್ನಾಗಿ ಜರಡಿ ಹಿಡಿದ ಹಳೇ ಗೊಬ್ಬರ ಹಾಕಿ ಮೂಲಂಗಿ ಮಾಡ್ಕೊಳಿ.

ಒಂದು ಕೇಳಬೇಕಿತ್ತು. ಆ ಕೊಟ್ಟಿಗೆಯಲ್ಲಿ ಹಸುಗಳ ಕೆಳಗೆ ಹುಲ್ಲು ಹಾಸ್ತಾರಾ, ಮರದ ಹೊಟ್ಟಾ? ಹೊಟ್ಟಾದ್ರೆ ಕಳಿಯೋಕೆ ತುಂಬಾ ದಿನ ಹಿಡಿಯತ್ತೆ, ಅಷ್ಟು ದಿನವೂ ಮಣ್ಣಿನ ಸಾರಜನಕನೇ ಎಳ್ಕೊಂಡು ಗಿಡ ಹಳದಿ ತಿರುಗತ್ತೆ. ಅದನ್ನ ಗುಂಡಿಗೆ ತುಂಬಬೇಡಿ, ಕೇಳಿ ತಿಳಿಸಿ.