ಸೂರ್ಯಾಸ್ತದ ಮೇಜನ್ನು ಬಿಟ್ಟುಕೊಡಿ

ಸಂಜೆ ಐದೂವರೆಗೆ ಕಿಟಕಿ ಪಕ್ಕದ ಮೇಜು, ಜೊತೆಯಲ್ಲಿ ಅಮ್ಮ, ಬೆಟ್ಟದ ಮೇಲಿನ ಆ ಕೆಫೆಯ ಪಟ್ಟಿಯಲ್ಲಿ ಹನ್ನೆರಡು ವಿಚಿತ್ರ ಸಿಹಿಗಳು, ಅವುಗಳಲ್ಲಿ ಯಾವ ನಾಲ್ಕನ್ನು ತರಿಸಲಿ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಕರುಳು ಚುರಕ್ ಎಂದಿತು. ಮೂರು ವರ್ಷದ ಹಿಂದೆ ನಾನು ಹಿಡಿದದ್ದೂ ಅದೇ ಹೊತ್ತಿನ, ಅಂಥದೇ ಮೇಜು. ನನ್ನ ಜೊತೆಯಲ್ಲಿದ್ದವರೂ ಅಮ್ಮನೇ.

ಅಮ್ಮ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದವರು. ಮೂವತ್ತು ವರ್ಷ, ಒಂದೇ ಅಡುಗೆಮನೆ. ಅವರ ಬಳಿ ಒಂದು ನೋಟ್‌ಬುಕ್ ಇದೆ. ಯಾವ ಹಿಟ್ಟು ಎಷ್ಟು ಹೊತ್ತಿನಲ್ಲಿ ಎಷ್ಟು ಉಬ್ಬಿತು, ಎಷ್ಟು ಹೊತ್ತಿಗೆ ಕುಸಿಯಿತು ಎಂದು ಸಾಲಾಗಿ ಬರೆದಿಟ್ಟಿದ್ದಾರೆ. ಅದರಲ್ಲಿ ಸೂಫ್ಲೆಗೆಂದೇ ಆರೇಳು ಪುಟಗಳಿವೆ. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಹದವಾಗಿ ಕಲಸಿ, ಬಟ್ಟಲಿಗೆ ಹಾಕಿ ಬೇಯಿಸಿದರೆ ಅದು ಅಂಚು ಮೀರಿ ಮೇಲೇಳುತ್ತದೆ. ಓವನ್‌ನಿಂದ ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಕುಗ್ಗತೊಡಗುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೊರೆಯೊಳಗಿನ ಗಾಳಿ ಇನ್ನಷ್ಟು ಹಿಗ್ಗುತ್ತದೆ, ಸೂಫ್ಲೆ ಬೇಗ ಏಳುತ್ತದೆ, ಬೇಗ ಬೀಳುತ್ತದೆ ಎಂದು ಅಮ್ಮ ಎಲ್ಲೋ ಓದಿದ್ದರು. ಅದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಸುಮಾರು 2000 ಮೀಟರ್ ಎತ್ತರದಲ್ಲಿ ಸೂಫ್ಲೆ ಮಾಡುವ ಕೆಫೆಯೊಂದು ಇದೆ ಎಂದು ಗೊತ್ತಾದಾಗ, ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಬೇರೆ ಉಡುಗೊರೆ ಬೇಡವೆಂದು ತೀರ್ಮಾನಿಸಿದೆ. ಸೂಫ್ಲೆಯ ವಿಷಯ ಅವರಿಗೆ ಹೇಳಲಿಲ್ಲ. ಮೇಜಿಗೆ ಬಂದಾಗ ನೋಡಲಿ ಎಂದುಕೊಂಡೆ.

ಕೆಫೆಯ ವಿಷಯದಲ್ಲಿ ಒಂದು ಮಾತನ್ನೂ ಕಡಿಮೆ ಹೇಳಲಾರೆ. ಧ್ರುವಪ್ರದೇಶಕ್ಕೆ ಹೋದ ಸಾಹಸಿಗಳ ಗುಡಿಸಲಿನಂತೆ ಅದನ್ನು ಕಟ್ಟಿದ್ದರು. ಹಲಗೆಯ ಗೋಡೆ, ಮಾಡಿನಿಂದ ತೂಗುವ ಜಾರುಬಂಡಿ, ಮೂಲೆಯಲ್ಲಿ ಸುತ್ತಿಟ್ಟ ಹಗ್ಗ, ಮೇಜಿಗೊಂದು ಲಾಟೀನು. ಬಾಗಿಲ ಪಕ್ಕದಲ್ಲಿ ಹಿತ್ತಾಳೆಯ ಹಳೆಯ ವಾಯುಭಾರ ಮಾಪಕ. ಅದು ಅಲಂಕಾರಕ್ಕಲ್ಲ, ಸರಿಯಾಗಿ ನಡೆಯುತ್ತಿತ್ತು. ಸಮುದ್ರಮಟ್ಟದಲ್ಲಿ 1013 ಮಿಲಿಬಾರ್‌ನ ಹತ್ತಿರ ಇರಬೇಕಾದ ಮುಳ್ಳು 800ಕ್ಕೂ ಕೆಳಗೆ ನಿಂತಿತ್ತು. ಅಮ್ಮ ಒಳಗೆ ಕಾಲಿಟ್ಟವರೇ ಕಿಟಕಿಯತ್ತ ನೋಡಲಿಲ್ಲ, ಅದರ ಮುಂದೆ ನಿಂತುಬಿಟ್ಟರು. "ನೀರು ಇಲ್ಲಿ 93 ಡಿಗ್ರಿಗೇ ಕುದಿಯುತ್ತದೆ. ಹಾಗಾದರೆ ಇವರು ಪಾಕವನ್ನು ಎಷ್ಟಕ್ಕೆ ಇಳಿಸುತ್ತಾರೆ?" ಎಂದು ಕೇಳಿದರು. ಆಗ ನನಗಾದ ಸಂತೋಷವನ್ನು ಹೇಳಿ ಮುಗಿಸಲಾರೆ.

ಕುಳಿತೆವು. ಪಟ್ಟಿ ತಂದ ಹುಡುಗಿಗೆ ಮೊದಲು ಹೇಳಿದ್ದೇ ಎರಡು ಸೂಫ್ಲೆ. ಅವಳು ಮುಖ ಸಣ್ಣದು ಮಾಡಿ, "ಓವನ್ ಐದು ಗಂಟೆಗೇ ಆರಿಸುತ್ತೇವೆ, ಈಗ ತಣ್ಣಗಿನವು ಮಾತ್ರ ಸಿಗುತ್ತವೆ" ಎಂದಳು.

ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ "ತಡವಾಗಿ ಹೋಗಿರುತ್ತೀರಿ" ಎನ್ನುತ್ತಾರೆ. ತಡವಾಗಿ ಹೋಗಲಿಲ್ಲ. ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆಯೇ ಬಾಗಿಲಲ್ಲಿದ್ದೆವು. ಕೆಫೆ ಮುಚ್ಚುವುದು ಏಳು ಗಂಟೆಗೆ ಎಂದು ಬರೆದಿತ್ತು, ನಾವು ಬಂದದ್ದು ಐದೂವರೆಗೆ, ನಡುವೆ ಒಂದೂವರೆ ಗಂಟೆ. ಒಂದು ಸೂಫ್ಲೆ ಬೇಯಲು ಇಪ್ಪತ್ತು ನಿಮಿಷ ಹಿಡಿದರೂ ಬೇಕಾದಷ್ಟು ಸಮಯ ಎಂದು ಲೆಕ್ಕ ಹಾಕಿದ್ದೆ. ಬಾಗಿಲು ಮುಚ್ಚುವ ಹೊತ್ತೇ ಒಲೆ ಆರುವ ಹೊತ್ತು ಎಂದು ನಂಬಿದ್ದೆ. ಎರಡೂ ಬೇರೆ. ಬೆಟ್ಟದ ಮೇಲಿನ ಚಿಕ್ಕ ಅಡುಗೆಮನೆಯಲ್ಲಿ ಬಿಳಿ ಕಡೆದು ಕೂಡಲೇ ಬೇಯಿಸಬಲ್ಲ ಕೈ ಒಂದೋ ಎರಡೋ ಇರುತ್ತವೆ. ಆ ಜನ ಕತ್ತಲಾಗುವ ಮುಂಚೆ ಘಾಟಿ ಇಳಿದು ಮನೆ ಸೇರಬೇಕು. ಅವರು ಹೋದ ಮೇಲೆ ಉಳಿಯುವುದು ಶೀತಪೆಟ್ಟಿಗೆಯಿಂದ ತೆಗೆದು ತಟ್ಟೆಗಿಡುವ ಕೆಲಸ.

ಇನ್ನೂ ನಿಖರವಾಗಿ ಹೇಳಬೇಕೆಂದರೆ ತಪ್ಪು ನಡೆದದ್ದು ಕೆಫೆಯಲ್ಲಲ್ಲ, ಅದಕ್ಕೆ ಹತ್ತು ದಿನ ಮುಂಚೆ, ಫೋನಿನಲ್ಲಿ. ಮೇಜು ಕಾದಿರಿಸುವಾಗ ಆ ಕಡೆಯವರು ಕೇಳಿದ್ದರು: "ವಿಶೇಷವಾಗಿ ಏನಾದರೂ ಬೇಕೇ?" ನಾನು ಹೇಳಿದ್ದು: "ಕಿಟಕಿ ಪಕ್ಕದ ಮೇಜು, ಸೂರ್ಯಾಸ್ತ ಕಾಣಬೇಕು." ಸೂಫ್ಲೆ ಎಂಬ ಎರಡು ಅಕ್ಷರ ಬಾಯಿಂದ ಹೊರಬೀಳಲಿಲ್ಲ. ತಿನ್ನುವುದನ್ನು ಕುಳಿತ ಮೇಲೆ ಹೇಳುವುದಲ್ಲವೇ ಎಂದುಕೊಂಡಿದ್ದೆ. ನಾವು ಹೋಗುತ್ತಿದ್ದುದೇ ಅದಕ್ಕಾಗಿ, ಆದರೆ ನಾನು ಕೇಳಿಕೊಂಡದ್ದು ಕಿಟಕಿಯನ್ನು. ಅಂದು ಆ ಒಂದು ಮಾತು ಹೇಳಿದ್ದರೆ ಅವರೇ "ಹಾಗಾದರೆ ಬೆಳಿಗ್ಗೆ ಬನ್ನಿ" ಎನ್ನುತ್ತಿದ್ದರು. ಕೆಫೆಯವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ.

ಹೋಗಲಿ, ಆ ಕಿಟಕಿಯಾದರೂ ದಕ್ಕಿತೇ? ಅದೂ ಇಲ್ಲ. ಪತ್ರಿಕೆಯಲ್ಲಿ ಕೊಡುವ ಸೂರ್ಯಾಸ್ತದ ವೇಳೆ ಬಯಲಿನ ದಿಗಂತದ್ದು. ಎದುರಿಗೆ ಬೆಟ್ಟದ ಸಾಲಿದ್ದರೆ ಸೂರ್ಯ ಅದರ ಹಿಂದೆ ಬಹಳ ಮುಂಚೆಯೇ ಇಳಿಯುತ್ತಾನೆ. ಕೈ ನೀಡಿ ಮುಷ್ಟಿ ಹಿಡಿಯಿರಿ, ಅದರ ಅಗಲ ಸುಮಾರು 10 ಡಿಗ್ರಿ. ಎದುರಿನ ಶಿಖರ ದಿಗಂತದಿಂದ ಒಂದು ಮುಷ್ಟಿ ಎತ್ತರಕ್ಕಿದ್ದರೆ ಕನಿಷ್ಠ 40 ನಿಮಿಷ ಹೋಯಿತೆಂದೇ ಲೆಕ್ಕ. ಅದಕ್ಕೂ ಮಿಗಿಲಾಗಿ ಮಂಜು. ಹಗಲೆಲ್ಲ ಬಿಸಿಲಿಗೆ ಕಾದ ಇಳಿಜಾರಿನ ಗುಂಟ ಕಣಿವೆಯ ತೇವದ ಗಾಳಿ ಮೇಲೇರುತ್ತದೆ, ಏರುತ್ತ ತಣಿದು ಮೋಡವಾಗುತ್ತದೆ. ಮಧ್ಯಾಹ್ನದ ಮೇಲೆ ಅದು ಬೆಟ್ಟದ ತಲೆಗೇ ಬಂದು ಕೂರುತ್ತದೆ. ನಮ್ಮ ಕಿಟಕಿಯಾಚೆ ಕಂಡದ್ದು ಬೂದುಬಣ್ಣದ ಬಟ್ಟೆ ತೂಗುಹಾಕಿದಂಥ ಗೋಡೆ.

ಆ ಸಂಜೆ ತಿಂದ ಮೂರರಲ್ಲಿ ಒಂದರ ಬಗ್ಗೆ ಹೇಳಲೇಬೇಕು. ನೋಡಲು ಹಿಮದ ಉಂಡೆ. ಹೊರಗೆ ಹಲ್ಲು ಜುಮ್ಮೆನಿಸುವ ಐಸ್‌ಕ್ರೀಮ್, ಚಮಚ ಒತ್ತಿದರೆ ಒಳಗಿನಿಂದ ಹಬೆಯಾಡುವ ಹಣ್ಣಿನ ಪಾಕ. ಇದರ ಮೂಲ ಭೌತವಿಜ್ಞಾನಿ ನಿಕೋಲಸ್ ಕುರ್ಟಿ 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾಡಿ ತೋರಿಸಿದ ಸಿಹಿ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಬಿಗಿಯಾಗಿ ಸಿಕ್ಕಿಕೊಂಡಿರುವುದರಿಂದ ಮೈಕ್ರೋವೇವ್ ಅದನ್ನು ಸುಲಭವಾಗಿ ಬಿಸಿ ಮಾಡಲಾರದು, ಒಳಗಿನ ಪಾಕವನ್ನು ಮಾತ್ರ ಬೇಗ ಕಾಯಿಸುತ್ತದೆ. ಶುಕ್ರಗ್ರಹದ ವಾತಾವರಣದ ಉಷ್ಣತೆಯನ್ನು ಅಳೆಯಬಲ್ಲ ನಮಗೆ ನಮ್ಮದೇ ಸೂಫ್ಲೆಯ ಒಳಗೆ ಏನು ನಡೆಯುತ್ತಿದೆ ಎಂಬುದು ತಿಳಿಯದಲ್ಲ ಎಂದು ಕೊರಗಿದವರೂ ಇದೇ ಕುರ್ಟಿ. ಇದನ್ನು ಅಮ್ಮನಿಗೆ ಹೇಳಬೇಕೆಂದು ಓದಿಕೊಂಡು ಹೋಗಿದ್ದೆ. ಸೂಫ್ಲೆಯ ಹೆಸರನ್ನು ಮತ್ತೆ ಎತ್ತಲು ಅಂದು ನಾಲಿಗೆ ಬರಲಿಲ್ಲ.

ಹೊರಡುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಡುಗೆಯವರೊಬ್ಬರು ಕೋಟು ಹಾಕಿಕೊಂಡು ಹೊರಡುವ ಅವಸರದಲ್ಲಿದ್ದರೂ ಅಮ್ಮನ ಎರಡು ಪ್ರಶ್ನೆ ಕೇಳಿ ಕೋಟು ಬಿಚ್ಚಿದರು. ಮರುದಿನಕ್ಕೆಂದು ಬೆಣ್ಣೆ ಸವರಿ ತಣ್ಣಗಿಟ್ಟಿದ್ದ ಬಿಳಿ ಪಿಂಗಾಣಿ ಬಟ್ಟಲೊಂದನ್ನು ತಂದು ಲಾಟೀನಿನ ಬೆಳಕಿಗೆ ಓರೆಯಾಗಿ ಹಿಡಿದರು. ಒಳಗೋಡೆಯಲ್ಲಿ ಬೆಣ್ಣೆಯ ಗೆರೆಗಳು ತಳದಿಂದ ಅಂಚಿನವರೆಗೆ ನೆಟ್ಟಗೆ, ಒಂದರ ಪಕ್ಕ ಒಂದು. ಕುಂಚವನ್ನು ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯುವುದು, ಸೂಫ್ಲೆ ಏರಲು ದಾರಿ ಮಾಡಿಕೊಡುವುದಕ್ಕೆ. ಇಲ್ಲಿ ಬಿಳಿಯನ್ನು ಗಟ್ಟಿಯಾಗುವಷ್ಟು ಕಡೆಯುವುದಿಲ್ಲ, ತುದಿ ಬಾಗುವ ಹದಕ್ಕೇ ನಿಲ್ಲಿಸುತ್ತೇವೆ, ಓವನ್ ಸ್ವಲ್ಪ ಹೆಚ್ಚು ಬಿಸಿ ಇಡುತ್ತೇವೆ ಎಂದರು. ಗಟ್ಟಿಯಾಗಿ ಕಡೆದರೆ ಹಿಗ್ಗಲು ಜಾಗವಿಲ್ಲದೆ ಒಡೆಯುತ್ತದೆಯಂತೆ. ಬಿಸಿ ಹೆಚ್ಚಿದ್ದರೆ ಬೀಳುವ ಮುಂಚೆ ಗೋಡೆ ಗಟ್ಟಿಯಾಗುತ್ತದೆಯಂತೆ. ಅಮ್ಮ ಬೆರಳನ್ನು ಬೆಣ್ಣೆಗೆ ತಾಗಿಸದೆ, ಗೆರೆಗಳ ಮೇಲೆ ಗಾಳಿಯಲ್ಲೇ ಮೇಲಕ್ಕೆಳೆದರು. ಕಾರಿನಲ್ಲಿ ನೋಟ್‌ಬುಕ್ ತೆಗೆದು ಹದ ಬರೆದುಕೊಂಡರು, ಎಷ್ಟು ಉಬ್ಬಿತು ಎಂಬ ಅಂಕಣವನ್ನು ಖಾಲಿ ಬಿಟ್ಟರು.

ಮತ್ತೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದೆವು. ಆ ಸಲ ಬೆಳಿಗ್ಗೆಯೇ. ರಾತ್ರಿ ತಣ್ಣಗಿನ ಗಾಳಿ ಭಾರವಾಗಿ ಕಣಿವೆಗೆ ಇಳಿದಿರುತ್ತದೆ, ಮಂಜೂ ಅದರ ಜೊತೆಗೆ ಕೆಳಗೇ ಇರುತ್ತದೆ. ಕಿಟಕಿಯ ಕೆಳಗೆ ಬೆಳ್ಳಗಿನ ಮೋಡದ ಕಡಲು, ಅದರೊಳಗಿನಿಂದ ಎದ್ದ ಶಿಖರಗಳು, ಮೇಲೆ ತೊಳೆದಿಟ್ಟಂಥ ಆಕಾಶ. ಸಂಜೆಯಲ್ಲಿ ಹುಡುಕಿದ್ದೆಲ್ಲ ಬೆಳಿಗ್ಗೆಯಲ್ಲಿತ್ತು. ಆದರೆ ಚಳಿಗಾಲಕ್ಕೆಂದು ಕೆಫೆ ಮುಚ್ಚಿ ತೆರೆಯುವಷ್ಟರಲ್ಲಿ ಆ ಅಡುಗೆಯವರು ಕೆಲಸ ಬಿಟ್ಟಿದ್ದರು. ಪಟ್ಟಿಯಲ್ಲಿ ಸೂಫ್ಲೆ ಇರಲಿಲ್ಲ.

ಆದ್ದರಿಂದ ಯಾವ ನಾಲ್ಕು ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ನಾಲ್ಕು ತರಿಸುವುದೇ ತಪ್ಪು. ಮೂರನೆಯದಕ್ಕೆ ಬರುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ, ನಾಲ್ಕನೆಯದನ್ನು ದುಡ್ಡು ಕೊಟ್ಟಿದ್ದೇವೆಂದು ತಿನ್ನುತ್ತೀರಿ, ಆಮೇಲೆ ಕತ್ತಲಲ್ಲಿ ಆ ತಿರುವುಗಳನ್ನು ಇಳಿಯಬೇಕು. ನಮ್ಮ ಇಳಿದಾರಿಯ ವಿಷಯ ಬರೆಯುವುದಿಲ್ಲ. ಅಮ್ಮ ಕಣ್ಣು ಮುಚ್ಚಿ ಕುಳಿತಿದ್ದರು, ನನಗೆ ಮುಂದಿನ ಹತ್ತು ಅಡಿ ಕಾಣುತ್ತಿರಲಿಲ್ಲ ಎಂದಷ್ಟೇ ತಿಳಿಯಿರಿ. ಇಬ್ಬರಿಗೆ ಎರಡು ಸಿಹಿ ಸಾಕು. ಒಂದು ಓವನ್‌ನಿಂದ ಆಗಷ್ಟೇ ಬಂದದ್ದು, ಇನ್ನೊಂದು ಅವರ ಇಷ್ಟದ್ದು. ಬೆಟ್ಟದ ಮೇಲಿನ ಅಡುಗೆಮನೆಯ ನಿಜವಾದ ಪರೀಕ್ಷೆ ಓವನ್‌ನಲ್ಲೇ ನಡೆಯುವುದು. ತಣ್ಣಗಿನದನ್ನು ಬಯಲಿನಲ್ಲೂ ಅಷ್ಟೇ ಚೆನ್ನಾಗಿ ಮಾಡಬಹುದು.

ದ್ರವ ಸಾರಜನಕದ ಹೊಗೆಯಾಡುವ ಸಿಹಿಯೂ ಪಟ್ಟಿಯಲ್ಲಿದೆ ಎಂದಿರಿ. ಅದನ್ನು ಬಿಡಿ ಎಂದೇ ಹೇಳುತ್ತೇನೆ. ಆ ದ್ರವ -196 ಡಿಗ್ರಿಯದ್ದು. ಬಡಿಸುವ ಹೊತ್ತಿಗೆ ಅದು ಪೂರ್ತಿ ಆವಿಯಾಗಿರದಿದ್ದರೆ ಬಾಯಿ, ಗಂಟಲು ಸುಟ್ಟಂತಾಗುತ್ತದೆ, ಆ ಆವಿ ಉಬ್ಬಸ ಇರುವವರ ಉಸಿರಿಗೂ ತೊಂದರೆ ಕೊಡಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲೇ ಇಂಥ ತಿನಿಸುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಅಮ್ಮನಿಗೆ ಉಬ್ಬಸವಿದೆ ಎಂದು ನೀವೇ ಬರೆದಿದ್ದೀರಿ. ಆ ತಟ್ಟೆ ನಿಮ್ಮ ಮೇಜಿಗೆ ಬರಕೂಡದು.

ಬೆಟ್ಟದ ಮೇಲೆ ಒಂದು ರಾತ್ರಿ ಉಳಿಯುವುದೋ, ಅದೇ ದಿನ ಹಿಂತಿರುಗುವುದೋ ಎಂದೂ ಕೇಳಿದ್ದೀರಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಅಲ್ಲಿರಲು ಯಾವುದು ಅನುಕೂಲವೋ ಅದು. ಸ್ವೆಟರ್ ಮರೆಯಬೇಡಿ, ಪ್ರತಿ 1000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ.

ನಿಮ್ಮ ಕಾದಿರಿಸುವಿಕೆಗೆ ಇನ್ನೂ ಎಂಟು ದಿನವಿದೆ. ಇದನ್ನು ಓದಿದ ಕೂಡಲೇ ಫೋನ್ ಮಾಡಿ. ಓವನ್ ಎಷ್ಟು ಗಂಟೆಗೆ ಹೊತ್ತಿಸುತ್ತಾರೆ, ಎಷ್ಟಕ್ಕೆ ಆರಿಸುತ್ತಾರೆ, ಅಂದು ಬೇಯಿಸುವವರು ಇರುತ್ತಾರೆಯೇ ಎಂದು ಕೇಳಿ. ನಿಮ್ಮ ಅಮ್ಮನಿಗೆ ಬೇಕಾದ ಸಿಹಿಯ ಹೆಸರನ್ನು ಆಗಲೇ ಹೇಳಿ ಬರೆಸಿಬಿಡಿ. "ವಿಶೇಷವಾಗಿ ಏನಾದರೂ ಬೇಕೇ?" ಎಂದು ಅವರು ಕೇಳಿದರೆ ಕಿಟಕಿಯ ಮಾತು ಎತ್ತಬೇಡಿ.