ನಾಲ್ಕು ವರ್ಷ ನಿಂತ ಹಳೇ ಮ್ಯಾಸಿ ಸ್ಟಾರ್ಟ್ ಆಗುತ್ತಿಲ್ಲ, ಪಂಪ್ ಬಿಚ್ಚಿಸಲಾ?

ಬೇಡ. ಇನ್ನೊಂದು ದಿನ ತಡೀರಿ.

ನೀವು ಬರೆದದ್ದು ಇಷ್ಟು. ಮುಳಗುಂದದ ಹತ್ತಿರದ ಹಳ್ಳಿಯಲ್ಲಿ ನಿಮ್ಮ ತಂದೆ 1984ರಲ್ಲಿ ತಂದ ಮ್ಯಾಸಿ 1035 ಟ್ರ್ಯಾಕ್ಟರ್ ಇದೆ. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ತಗಡಿನ ಶೆಡ್ಡಿನಲ್ಲೇ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಎಂಜಿನ್ ನಿಧಾನಕ್ಕೆ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಸೈಲೆನ್ಸರಿನಿಂದ ಹೊಗೆಯೇ ಇಲ್ಲ. ಊರಿನ ಮೆಕ್ಯಾನಿಕ್ ಪಂಪ್ (ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಬಿಚ್ಚಿ ಹುಬ್ಬಳ್ಳಿಗೆ ಕಳಿಸೋಣ ಅನ್ನುತ್ತಿದ್ದಾನೆ. ನೀವು ಬೆಂಗಳೂರಿನಲ್ಲಿ ಕೂತು, ಕಳಿಸಲೋ ಮಾರಿಬಿಡಲೋ ಅಂತ ಕೇಳಿದ್ದೀರಿ.

ನಾನು ಮೆಕ್ಯಾನಿಕ್ ಅಲ್ಲ. ಅಣ್ಣಿಗೇರಿ ಕಡೆಯ ಒಕ್ಕಲುತನದವನು. ಆದರೆ ನಮ್ಮದೂ ಅದೇ 1035. ಪರ್ಕಿನ್ಸ್ ವಂಶದ ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಇದೇ ಪಂಪ್ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ನಿಧಾನಕ್ಕೆ ತಿರುಗುವುದು ಒಂದು ರೋಗ, ಹೊಗೆ ಬಾರದಿರುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡಾಗಲೇ ಜನ ಪಂಪಿಗೆ ಕೈ ಹಾಕುವುದು.

ಅದಕ್ಕೂ ಮುಂಚೆ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಇದನ್ನು ಬಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ಅದು ದೊಡ್ಡ ಕೆಲಸ. ಆಯಿಲ್ ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನ (ಟಾಕಿಯಿಂದ ಡೀಸೆಲ್ ಎಳೆದು ಕೊಡುವ ಬೇರೆ ಸಣ್ಣ ಪಂಪ್) ಒಳಗಿನ ರಬ್ಬರ್ ಡಯಾಫ್ರಾಮ್ ಹರಿದು ಡೀಸೆಲ್ ಕೆಳಗಿಳಿದಿರಬಹುದು. ಎರಡೂ ಇಲ್ಲದಿದ್ದರೂ ನಾಲ್ಕು ವರ್ಷದ ಆಯಿಲ್ ಅದು, ಬದಲಾಯಿಸಿಬಿಡಿ.

ಈಗ ನಿಧಾನದ ವಿಷಯ. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ, ಅಲ್ವಾ? ಸಿಲಿಂಡರಿನ ಗಾಳಿಯನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನಿಧಾನಕ್ಕೆ ತಿರುಗಿದರೆ ಅದುಮಿದ ಗಾಳಿ ಪಿಸ್ಟನ್ ರಿಂಗ್ ಸಂದಿಯಲ್ಲಿ ಸೋರಿ ಹೋಗುತ್ತದೆ. ಉಳಿದ ಕಾವನ್ನು ತಣ್ಣಗಿನ ಲೈನರ್ (ಸಿಲಿಂಡರಿನ ಒಳಗೋಡೆ) ಹೀರಿಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 150 ಸುತ್ತಾದರೂ ತಿರುಗದಿದ್ದರೆ ಡೀಸೆಲ್ ಬಂದರೂ ಎಂಜಿನ್ ಹಿಡಿಯುವುದು ಕಷ್ಟ.

ಹೊಸ ಬ್ಯಾಟರಿ ಅಂದಿರಲ್ಲ, ಎಷ್ಟರದು? ಕಾರಿನಿಂದ ತೆಗೆದ 35 ಆಂಪಿಯರ್ ಅವರ್‌ನದಾದರೆ ಇದಕ್ಕೆ ಸಾಲದು. ಟ್ರ್ಯಾಕ್ಟರಿಗೆ 75ರಿಂದ 88ರದು ಹಾಕುತ್ತಾರೆ. ಅದು ಸರಿ ಇದ್ದರೆ ನನ್ನ ಅನುಮಾನ ಅರ್ಥಿಂಗ್ ಮೇಲೆ. ಬ್ಯಾಟರಿಯಿಂದ ಬಾಡಿಗೆ ಬರುವ ದಪ್ಪ ಪಟ್ಟಿ ಇದೆಯಲ್ಲ, ಅದರ ಬೋಲ್ಟ್ ಬಿಚ್ಚಿ ನೋಡಿ. ಕೆಳಗೆ ತುಕ್ಕು ಇರುತ್ತದೆ. ಇಲ್ಲವೇ ಯಾವುದೋ ವರ್ಷ ಖಂಡೆ ಪೂಜೆಗೆ ಚಂದ ಕಾಣಲಿ ಅಂತ ಬಳಿದ ಕೆಂಪು ಪೇಂಟ್ ಇರುತ್ತದೆ. (ನಮ್ಮದರಲ್ಲಿ ಮೂರು ಪದರ ಇತ್ತು.) ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ ಬಿಗಿ ಮಾಡಿ.

ಉಜ್ಜುವ ಮೊದಲೇ ತಪ್ಪು ಎಲ್ಲಿದೆ ಅಂತ ತಿಳಿಯಬೇಕಾದರೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಒಬ್ಬರು ಸೆಲ್ಫ್ ಹೊಡೆಯಲಿ. ನೀವು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗುಬ್ಬಿಯ ಮೇಲೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರೀ ಕಬ್ಬಿಣದ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕರೆಂಟ್ ಆ ದಾರಿಯಲ್ಲೇ ಸಾಯುತ್ತಿದೆ. ಹಾಗೇ ಪ್ಲಸ್ ಗುಬ್ಬಿಯಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೂ ನೋಡಿ. ಬ್ಯಾಟರಿ ಸುಮ್ನೆ ಇದ್ದಾಗ 12.6 ಇರಬೇಕು. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಬಿದ್ದರೆ ಒಂದೋ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಬಿಗಿಯಾಗಿದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಮಧ್ಯೆ ಅರ್ಧ ನಿಮಿಷವಾದರೂ ಬಿಡಿ.

ಇನ್ನು ಹೊಗೆ. ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಕಂಪ್ರೆಶನ್ (ಗಾಳಿ ಅದುಮುವ ಬಲ), ನೋಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಅಂತ ಹುಡುಕಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ಮುಟ್ಟಿಯೇ ಇಲ್ಲ. ನಿಮ್ಮದು ಇದು. ಟಾಕಿಯಿಂದ ನೋಜಲ್‌ವರೆಗಿನ ದಾರಿಯಲ್ಲಿ ಎಲ್ಲೋ ತಡೆ ಇದೆ, ಇಲ್ಲವೇ ಹವಾ ತುಂಬಿದೆ. ಆ ದಾರಿಯಲ್ಲಿ ಪಂಪ್ ಬರುವುದು ಕೊನೆಗೆ. ಹುಡುಕುವುದನ್ನು ಅಲ್ಲಿಂದ ಯಾಕೆ ಶುರು ಮಾಡಬೇಕು?

ಮೊದಲು ಸ್ಟಾಪ್ ವೈರ್ ನೋಡಿ. ಎಂಜಿನ್ ಆರಿಸಲು ಎಳೆಯುವ ಗುಂಡಿ ಇದೆಯಲ್ಲ, ಅದರ ತಂತಿ ತುಕ್ಕು ಹಿಡಿದು ಎಳೆದ ಜಾಗದಲ್ಲೇ ನಿಂತಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಒಳಗೆ ಹೋದಂತೆ ಕಾಣುತ್ತದೆ, ಪಂಪಿನ ಮೇಲಿನ ಸಣ್ಣ ಲಿವರ್ ಮಾತ್ರ ಅಲ್ಲಾಡಿರುವುದಿಲ್ಲ. ಹಾಗಾಗಿ ಗುಂಡಿಯನ್ನು ನಂಬಬೇಡಿ, ಲಿವರನ್ನೇ ಕೈಯಿಂದ ಚಾಲೂ ಕಡೆಗೆ ತಳ್ಳಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಬಹಳ ಸಾಮಾನ್ಯ.

ಆಮೇಲೆ ಟಾಕಿ. ನನ್ನ ಕಥೆ ಬರುವುದು ಇಲ್ಲಿಯೇ. ಒಂದು ವರ್ಷ ಹೆಸರು ಬಿತ್ತುವ ಹೊತ್ತಿಗೆ ನಮ್ಮ ಗಾಡಿ ಹಿಡಿಯಲಿಲ್ಲ. ಫಿಲ್ಟರಿಗೆ ಬರುವ ಪೈಪ್ ಬಿಚ್ಚಿದೆ. ಡೀಸೆಲ್ ದಬದಬ ಅಂತ ಬಂತು. ಟಾಕಿ ಸರಿ ಇದೆ ಅಂತ ತಕ್ಷಣ ಪೈಪ್ ಹಾಕಿಬಿಟ್ಟೆ. ಪಂಪ್ ಬಿಚ್ಚಿಸಿ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರು ಏನೇನೋ ಬದಲಾಯಿಸಿ ಉದ್ದನೆಯ ಬಿಲ್ ಕೊಟ್ಟರು. ಮೂರು ವಾರ ಹೋಯಿತು. ಮಿರಗ ಮಳೆ ಬಂದು ಹೋಯಿತು. ಬಾಡಿಗೆ ಟ್ರ್ಯಾಕ್ಟರ್ ತಂದು ಬಿತ್ತಿದೆ. ಪಂಪ್ ಹಾಕಿದ ಮೇಲೂ ಅದೇ ಹಾಡು.

ನಮ್ಮ ಕಾಕಾ ಬಂದು ಅದೇ ಪೈಪ್ ಮತ್ತೆ ಬಿಚ್ಚಿಸಿದರು. ಕೆಳಗೆ ಬಾಟ್ಲಿ ಹಿಡಿದು ಸುಮ್ಮನೆ ನಿಂತರು. ನಾನು "ಬರಾಕತ್ತೈತಲ್ಲ ಕಾಕಾ" ಅಂದೆ. "ನಿಂದ್ರೋ, ಏನ್ ಅವಸರ" ಅಂದರು. ಕಾಲು ನಿಮಿಷ ಜೋರಾಗಿ ಬಂತು. ಆಮೇಲೆ ಸಣ್ಣಗಾಯಿತು, ನೂಲಿನಷ್ಟಾಯಿತು, ಕೊನೆಗೆ ಹನಿ. ಟಾಕಿ ಬರಿದು ಮಾಡಿ ನೋಡಿದರೆ ಒಳಗೊಂದು ಬಟ್ಟೆ ಚೂರು. ಮುಚ್ಚಳ ಸಡಿಲ ಅಂತ ಹಿಂದೊಮ್ಮೆ ನಾನೇ ಸುತ್ತಿದ್ದ ಬಟ್ಟೆ ಅದು. ಡೀಸೆಲ್ ಹರಿಯಲು ಶುರುವಾದರೆ ತೇಲಿ ಬಂದು ತೂತಿಗೆ ಕೂರುತ್ತಿತ್ತು, ಹರಿವು ನಿಂತರೆ ಬಿಡುತ್ತಿತ್ತು. ವರ್ಕ್‌ಶಾಪಿನವರನ್ನು ಬೈದು ಏನು ಮಾಡುವುದು, ಪಂಪ್ ಬಿಚ್ಚಿ ಕೊಟ್ಟವನು ನಾನೇ.

ಹಾಗಾಗಿ ನೀವು ಪೂರ್ತಿ ಒಂದು ಲೀಟರ್ ಬಾಟ್ಲಿ ತುಂಬಿಸಿ ನೋಡಿ. ಮುಚ್ಚಳ ಹಾಕಿ ಒಮ್ಮೆ, ತೆಗೆದು ಒಮ್ಮೆ. ಮುಚ್ಚಳ ತೆಗೆದಾಗ ಮಾತ್ರ ಚೆನ್ನಾಗಿ ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಸಣ್ಣ ಹುಳ ಗೂಡು ಕಟ್ಟಿದರೂ ಸಾಕು. ಬಾಟ್ಲಿಯನ್ನು ಅರ್ಧ ತಾಸು ಹಾಗೇ ಇಟ್ಟು ತಳ ನೋಡಿ. ನೀರು ಇದ್ದರೆ ಕೆಳಗೆ ಬೇರೆಯಾಗಿ ಕಾಣುತ್ತದೆ. ನೀವಂತೂ ನಾಲ್ಕು ವರ್ಷದ ಡೀಸೆಲ್ ಪೂರ್ತಿ ಚೆಲ್ಲಿ, ಟಾಕಿ ತೊಳೆದು, ಹೊಸ ಫಿಲ್ಟರ್ ಹಾಕಲೇಬೇಕು. ಇಲಿ ಕಡಿದ ರಬ್ಬರ್ ಪೈಪ್ ಇದ್ದರೆ ಅದನ್ನೂ ಬದಲಾಯಿಸಿ.

ಇಷ್ಟಾದ ಮೇಲೆ ಹವಾ ತೆಗೆಯುವುದು. ನಿಮ್ಮದು ಸಿಎವಿ ಕಂಪನಿಯ ರೋಟರಿ ಪಂಪ್ ಅಂದುಕೊಂಡು ಬರೆಯುತ್ತಿದ್ದೇನೆ. ಉದ್ದನೆಯ ಇನ್‌ಲೈನ್ ಪಂಪ್ ಆದರೆ ಸ್ಕ್ರೂ ಜಾಗ ಬೇರೆ, ಕ್ರಮ ಒಂದೇ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ (ಹವಾ ಬಿಡುವ ಸ್ಕ್ರೂ) ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಬಿಗಿ ಮಾಡಿ. ಲಿವರಿನಲ್ಲಿ ದಮ್ಮೇ ಇಲ್ಲ ಅನಿಸಿದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗಿನ ಕ್ಯಾಮ್ ಮೇಲೆತ್ತಿ ನಿಂತಿದ್ದರೆ ಹಾಗಾಗುತ್ತದೆ. ಎಂಜಿನ್ ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಮುಂದೆ ಪಂಪಿನ ಪಕ್ಕದ ಸ್ಕ್ರೂ, ಆಮೇಲೆ ಅದರ ಮೇಲಿನ ಗವರ್ನರ್ (ವೇಗ ಹಿಡಿತದಲ್ಲಿಡುವ ಭಾಗ) ಮುಚ್ಚಳದ ಸ್ಕ್ರೂ. ಕೊನೆಗೆ ಎರಡು ನೋಜಲ್ ಪೈಪಿನ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ. ಎಕ್ಸಿಲೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ನಟ್ ಹತ್ತಿರ ಡೀಸೆಲ್ ಚಿಮ್ಮಿದರೆ ಬಿಗಿ ಮಾಡಿ ಮತ್ತೆ ಹೊಡೆಯಿರಿ. ಅಲ್ಲಿ ಬೆರಳು ಇಡಬೇಡಿ, ಮುಖವನ್ನೂ ಹತ್ತಿರ ಒಯ್ಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದು ಕಂಡರೂ ಆಪರೇಶನ್ ಬೇಕಾಗುತ್ತದೆ.

ಬ್ಲೀಡ್ ಸ್ಕ್ರೂವರೆಗೆ ಡೀಸೆಲ್ ಚೆನ್ನಾಗಿ ಬರುತ್ತಿದೆ, ಸ್ಟಾಪ್ ಲಿವರ್ ಚಾಲೂ ಕಡೆಗೇ ಇದೆ, ಸೆಲ್ಫ್ ಜೋರಾಗಿ ತಿರುಗಿಸುತ್ತಿದೆ, ಆದರೂ ನೋಜಲ್ ಪೈಪಿನಲ್ಲಿ ಹನಿ ಇಲ್ಲ ಅನ್ನಿ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ. ಈ ಪಂಪಿಗೆ ಡೀಸೆಲ್ಲೇ ಆಯಿಲ್. ಹಳೇ ಡೀಸೆಲ್ ಅಂಟಾಗಿ ಒಳಗಿನ ಮೀಟರಿಂಗ್ ವಾಲ್ವ್ (ಡೀಸೆಲ್ ಅಳೆದು ಬಿಡುವ ಭಾಗ) ಹಿಡಿದುಕೊಂಡಿರಬಹುದು. ಹೊಸ ಡೀಸೆಲ್ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿ. ಆಗಲೂ ಇಲ್ಲದಿದ್ದರೆ ಕಳಿಸಿ. ಬಿಚ್ಚುವ ಮೊದಲು ಪಂಪ್ ಎಂಜಿನ್ನಿಗೆ ಕೂರುವ ಫ್ಲ್ಯಾಂಜಿನ ಟೈಮಿಂಗ್ ಗುರುತು ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಿ.

ಯಾರಾದರೂ ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯೋಣ ಅಂದರೆ ಕೈ ಮುಗಿದು ಕಳಿಸಿ. ಗಾಳಿಯ ಜೊತೆ ಮೊದಲೇ ಒಳಗೆ ಹೋದ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಹೊತ್ತಿದರೆ ಪಿಸ್ಟನ್ ಮೇಲೆ ಬರುವಾಗಲೇ ಬಡಿಯುತ್ತದೆ, ರಿಂಗ್ ಮುರಿಯಬಹುದು. ಕೆಲವು ಹಳೇ ಮ್ಯಾಸಿಗಳ ಇನ್‌ಲೆಟ್‌ನಲ್ಲಿ ಚಳಿಗೆ ಅಂತ ಥರ್ಮೋಸ್ಟಾರ್ಟ್ ಅನ್ನುವ ಬಿಸಿ ತಂತಿ ಬೇರೆ ಇರುತ್ತದೆ. ಅದು ಕಾದಿದ್ದಾಗ ಪೆಟ್ರೋಲ್ ಹಿಡಿದವನ ಮೀಸೆ ಉಳಿಯುವುದಿಲ್ಲ.

ಮಾರುವ ವಿಷಯಕ್ಕೆ ಬಂದರೆ, ನಿಂತ ಗಾಡಿಯನ್ನು ಮಾರಬೇಡಿ, ಗುಜರಿ ಬೆಲೆಗೇ ಕೇಳುತ್ತಾರೆ. ಮಾರಿದರೂ ಇಟ್ಟುಕೊಂಡರೂ ಆರ್‌ಸಿ ನೋಡಿಕೊಳ್ಳಿ. ತಂದೆಯ ಹೆಸರಿನಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31 ಕೊಡಬೇಕು. ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನಿಮ್ಮ ಕಾಗದ ಇನ್ನೂ ಧಾರವಾಡದ ಹೆಸರಿನಲ್ಲೇ ಇರಬಹುದು, ಗಾಬರಿ ಆಗಬೇಡಿ.

ಈ ವಾರ ಊರಿಗೆ ಹೋಗುತ್ತೀರಾದರೆ ಅರ್ಥಿಂಗ್ ಉಜ್ಜಿ, ಬಾಟ್ಲಿ ತುಂಬಿಸಿ, ಹವಾ ತೆಗೆದು ನೋಡಿ. ಆಮೇಲೂ ಹಿಡಿಯದಿದ್ದರೆ ಹೊಗೆ ಬಂತಾ, ಯಾವ ಬಣ್ಣದ್ದು, ಸೆಲ್ಫ್ ಹೊಡೆಯುವಾಗ ಮೀಟರ್ ಎಷ್ಟು ತೋರಿಸಿತು, ಇವಿಷ್ಟನ್ನು ಇಲ್ಲೇ ಬರೆಯಿರಿ.